ತಿರಸ್ಕೃತ ಹರೆಯ, ಗ್ಯಾಂಗಿನ ಆಸರೆ

ಹದಿಹರೆಯದ ಹುಡುಗನೊಬ್ಬ ಗ್ಯಾಂಗು ಸೇರಿದಾಗ ಅವನಿಗೆ ಮೊದಲು ಸಿಗುವುದು ಒಂದು ಜಾಗ. ಅಪರಾಧ ಬರುವುದು ಆಮೇಲೆ, ಆ ಜಾಗಕ್ಕೆ ತೆರಬೇಕಾದ ಶುಲ್ಕವಾಗಿ. ಮನೆಯಲ್ಲಿ, ಶಾಲೆಯಲ್ಲಿ, ಓರಗೆಯವರ ನಡುವೆ ತಾನು ಬೇಡದವನು ಎಂದು ಪದೇ ಪದೇ ಅನ್ನಿಸಿದವನಿಗೆ ‘ಇವನು ನಮ್ ಹುಡುಗ’ ಎನ್ನುವ ಗುಂಪು ಸಿಕ್ಕಿದರೆ, ಆ ಗುಂಪು ಮಾಡುವ ಕೆಲಸ ಎಂಥದ್ದು ಎಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ಪೊಲೀಸ್ ಕಡತದಲ್ಲಿ ದಾಖಲಾಗುವುದು ಶುಲ್ಕ ಮಾತ್ರ. ಸದಸ್ಯತ್ವ ಏಕೆ ಬೇಕಾಯಿತು ಎಂಬುದನ್ನು ಹುಡುಕುವುದು ಮನೋವಿಜ್ಞಾನದ ಕೆಲಸ.

ಬೆಂಗಳೂರಿನ ಹುಡುಗರ ಗ್ಯಾಂಗುಗಳು ಸಿನಿಮಾದಲ್ಲಿ ಕಾಣುವಷ್ಟು ವ್ಯವಸ್ಥಿತವಲ್ಲ. ಒಂದು ಬೀದಿ, ಒಂದು ಟೀ ಅಂಗಡಿ ಅಥವಾ ಖಾಲಿ ಸೈಟು, ಒಂದಷ್ಟು ಹುಡುಗರು, ಅವರಿಗಿಂತ ಐದಾರು ವರ್ಷ ದೊಡ್ಡವನಾದ ಒಬ್ಬ ‘ಅಣ್ಣ’: ಹೆಚ್ಚಿನವುಗಳ ಸ್ವರೂಪ ಇಷ್ಟೇ. ಶಿಕಾಗೊ ನಗರದ 1,313 ಗ್ಯಾಂಗುಗಳನ್ನು ಅಭ್ಯಾಸ ಮಾಡಿ ಫ್ರೆಡರಿಕ್ ಥ್ರಾಷರ್ 1927ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದ ಮೊದಲ ದೊಡ್ಡ ಅಧ್ಯಯನ. ಗ್ಯಾಂಗುಗಳು ತಾವಾಗಿಯೇ ಹುಟ್ಟಿದ ಆಟದ ಗುಂಪುಗಳು, ಬೇರೆ ಗುಂಪಿನೊಡನೆಯೋ ಹಿರಿಯರೊಡನೆಯೋ ಜಗಳ ಬಿದ್ದಾಗ ಗಟ್ಟಿಯಾಗುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ನಗರ ಬೆಳೆಯುವಾಗ ಹಳೆಯ ವ್ಯವಸ್ಥೆ ಸಡಿಲಗೊಂಡು ಹೊಸದು ಇನ್ನೂ ನೆಲೆಯೂರದ ಸಂದಿನ ಪ್ರದೇಶಗಳಲ್ಲಿ ಅವು ಹೆಚ್ಚು ಎಂದೂ ಅವರು ಹೇಳಿದರು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಬೆಂಗಳೂರು ಕಳೆದ ಕೆಲವು ದಶಕಗಳಿಂದ ಅಂಥದೇ ಸಂದಿನಲ್ಲಿದೆ.

ತಿರಸ್ಕಾರದ ನೋವು

ಮನುಷ್ಯನಿಗೆ ಗುಂಪಿನಲ್ಲಿರುವ ಬಯಕೆ ಹಸಿವಿನಷ್ಟೇ ಮೂಲಭೂತ ಎಂದು ರಾಯ್ ಬಾಮೈಸ್ಟರ್ ಮತ್ತು ಮಾರ್ಕ್ ಲಿಯರಿ 1995ರಲ್ಲಿ ವಾದಿಸಿದರು. ಈ ಬಯಕೆಗೆ ಪೆಟ್ಟು ಬಿದ್ದಾಗ ಆಗುವುದೇನು ಎಂದು ತಿಳಿಯಲು ಬಳಸುವ ಪ್ರಯೋಗ ತೀರ ಸರಳವಾದದ್ದು. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡಾಟ ಆಡುತ್ತಾರೆ. ಒಬ್ಬ ಆಟಗಾರ ಪ್ರಯೋಗಕ್ಕೆ ಬಂದವನು. ಉಳಿದಿಬ್ಬರೂ ಮನುಷ್ಯರೇ ಎಂದು ಅವನು ನಂಬಿರುತ್ತಾನೆ, ಆದರೆ ಅವರನ್ನು ಆಡಿಸುತ್ತಿರುವುದು ಕಂಪ್ಯೂಟರ್. ಮೊದಲ ಕೆಲವು ಸುತ್ತು ಚೆಂಡು ಅವನಿಗೂ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಉಳಿದಿಬ್ಬರು ತಮ್ಮತಮ್ಮಲ್ಲೇ ಆಡಿಕೊಂಡಿರುತ್ತಾರೆ, ಅವನು ನೋಡುತ್ತ ಕೂರುತ್ತಾನೆ. ಕೆಲವೇ ನಿಮಿಷಗಳ ಈ ಉಪೇಕ್ಷೆ ಮನಸ್ಸನ್ನು ಕುಗ್ಗಿಸಲು ಸಾಕು.

ನಯೋಮಿ ಐಸೆನ್‌ಬರ್ಗರ್ ಮತ್ತು ಸಹೋದ್ಯೋಗಿಗಳು 2003ರಲ್ಲಿ 13 ಮಂದಿಯನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಇದೇ ಆಟ ಆಡಿಸಿದರು. ಚೆಂಡು ಬರುವುದು ನಿಂತಾಗ ಮೆದುಳಿನ ಮುಂಭಾಗದ ಸಿಂಗ್ಯುಲೇಟ್ ಪ್ರದೇಶ ಚುರುಕಾಯಿತು. ದೈಹಿಕ ನೋವಿನ ಸಂಕಟದಲ್ಲೂ ಚುರುಕಾಗುವ ಜಾಗ ಅದು. ಅನಿರೀಕ್ಷಿತವಾದದ್ದು ಏನು ನಡೆದರೂ ಅದೇ ಜಾಗ ಸ್ಪಂದಿಸುತ್ತದೆ ಎಂದು ಮುಂದೆ ಹಲವು ವಿಜ್ಞಾನಿಗಳು ತೋರಿಸಿದ್ದರಿಂದ, ಎರಡೂ ನೋವು ಒಂದೇ ಎಂದು ಈಗ ಖಡಾಖಂಡಿತವಾಗಿ ಹೇಳುವಂತಿಲ್ಲ. ಆದರೆ ತಿರಸ್ಕಾರವನ್ನು ಮೆದುಳು ಅಪಾಯದ ಸೂಚನೆಯಾಗಿಯೇ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಎದುರಾಳಿ ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ಆಟಗಾರರಿಗೆ ಬೇಸರವಾಗುತ್ತದೆ. ತಾವೇ ದ್ವೇಷಿಸುವ ಗುಂಪು ದೂರವಿಟ್ಟರೂ ನೋವಾಗುತ್ತದೆ.

ಈ ಆಟವನ್ನು ರೂಪಿಸಿದ ಕಿಪ್ಲಿಂಗ್ ವಿಲಿಯಮ್ಸ್ ಪ್ರಕಾರ ಉಪೇಕ್ಷೆಯಿಂದ ನಾಲ್ಕಕ್ಕೆ ಏಟು ಬೀಳುತ್ತದೆ: ತನ್ನವರು ಇದ್ದಾರೆ ಎಂಬ ಭರವಸೆ, ತನ್ನ ಬಗೆಗಿನ ಗೌರವ, ಸುತ್ತಲಿನದು ತನ್ನ ಹಿಡಿತದಲ್ಲಿದೆ ಎಂಬ ನಂಬಿಕೆ, ತನ್ನ ಇರವಿಗೆ ಅರ್ಥವಿದೆ ಎಂಬ ಭಾವ. ಇವನ್ನು ಮರಳಿ ಪಡೆಯಲು ಮನುಷ್ಯ ಎರಡು ದಾರಿ ಹಿಡಿಯುತ್ತಾನೆ. ಒಂದು, ಸೇರಿಸಿಕೊಳ್ಳುವವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಚೆಂಡಾಟದಿಂದ ಹೊರಗುಳಿದವರು ಅದರ ಬೆನ್ನಿಗೇ ಬೇರೊಂದು ಗುಂಪಿಗೆ ಸೇರಿದಾಗ, ಕಣ್ಣಿಗೆ ಕಾಣುವಷ್ಟು ತಪ್ಪಾದ ಉತ್ತರಕ್ಕೂ ಗುಂಪಿನ ಜೊತೆ ಹೂಂಗುಟ್ಟುವುದು ಹೆಚ್ಚು. ಇನ್ನೊಂದು, ಹಿಡಿತ ತೋರಿಸಲು ಸಿಟ್ಟಿಗೇಳುವುದು. ಜೀನ್ ಟ್ವೆಂಗಿ ತಂಡ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಿಮ್ಮ ಜೊತೆ ಕೆಲಸ ಮಾಡಲು ಯಾರೂ ಒಪ್ಪಲಿಲ್ಲ’ ಎಂಬ ಮಾತು ಕೇಳಿಸಿಕೊಂಡ ವಿದ್ಯಾರ್ಥಿಗಳು ಎದುರಿನವರಿಗೆ ಕೊಡುವ ಕರ್ಕಶ ಶಬ್ದದ ಮಟ್ಟವನ್ನು ಏರಿಸಿದರು. ಒಳಗಿನವರಿಗೆ ವಿಧೇಯತೆ, ಹೊರಗಿನವರ ಮೇಲೆ ಆಕ್ರಮಣ: ತಿರಸ್ಕೃತನಲ್ಲಿ ಹುಟ್ಟುವ ಈ ಎರಡೂ ಪ್ರವೃತ್ತಿಗಳನ್ನು ಒಟ್ಟಿಗೆ ಬಳಸಿಕೊಳ್ಳಬಲ್ಲ ಸಂಸ್ಥೆ ಗ್ಯಾಂಗು.

ಹದಿಹರೆಯವೇ ಏಕೆ

ತಿರಸ್ಕಾರ ಯಾವ ವಯಸ್ಸಿನಲ್ಲೂ ನೋವು ಕೊಡುತ್ತದೆ, ಹದಿಹರೆಯದಲ್ಲಿ ಇನ್ನಷ್ಟು ಹೆಚ್ಚು. ಇದೇ ಚೆಂಡಾಟದಿಂದ ಹೊರಗುಳಿದ ಹದಿಹರೆಯದ ಹುಡುಗಿಯರ ಮನಸ್ಸು ವಯಸ್ಕ ಹೆಂಗಸರಿಗಿಂತ ಹೆಚ್ಚು ಕುಸಿಯಿತು ಎಂದು ಲಂಡನ್ನಿನ ಸಂಶೋಧಕರು 2010ರಲ್ಲಿ ವರದಿ ಮಾಡಿದರು. ಮೈ ಬಲಿಯುವ ವಯಸ್ಸಿನಲ್ಲಿ ಬಹುಮಾನಕ್ಕೆ ಸ್ಪಂದಿಸುವ ಮೆದುಳಿನ ಭಾಗಗಳು ಬೇಗ ಚುರುಕಾಗುತ್ತವೆ. ಹಿಂದುಮುಂದು ಯೋಚಿಸಿ ತಡೆಯುವ ಹಣೆಯ ಹಿಂದಿನ ಭಾಗ ಮಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಈ ನಡುಗಾಲದಲ್ಲಿ ಓರಗೆಯವರ ಮೆಚ್ಚುಗೆಗಿಂತ ದೊಡ್ಡ ಬಹುಮಾನ ಇಲ್ಲ.

ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಇದನ್ನು ಅಳೆದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ, ಸಿಗ್ನಲ್ ಯಾವ ಕ್ಷಣದಲ್ಲಾದರೂ ಕೆಂಪಾಗಬಹುದು. ಒಬ್ಬರೇ ಆಡಿದಾಗ 13ರಿಂದ 16ರ ವಯಸ್ಸಿನವರಿಗೂ 24 ದಾಟಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ಕಿರಿಯರು ತೆಗೆದುಕೊಂಡ ಅಪಾಯ ಸುಮಾರು ಇಮ್ಮಡಿಯಾಯಿತು, ಹಿರಿಯರದು ಇದ್ದಲ್ಲೇ ಇತ್ತು. ಒಬ್ಬನೇ ಇದ್ದಾಗ ವಿವೇಕದಿಂದ ನಡೆಯುವ ಹುಡುಗ ಗುಂಪಿನಲ್ಲಿ ಬೇರೆಯೇ ಆಗಿ ಕಾಣುವುದಕ್ಕೆ ಇದು ಕಾರಣ. ‘ನಮ್ಮ ಮಗ ಅಂಥವನಲ್ಲ’ ಎಂದು ಠಾಣೆಯಲ್ಲಿ ಹೇಳುವ ತಾಯಿತಂದೆ ಸಾಮಾನ್ಯವಾಗಿ ಸುಳ್ಳು ಹೇಳುತ್ತಿರುವುದಿಲ್ಲ. ಅವರು ನೋಡಿರುವುದು ಮನೆಯೊಳಗಿನ ಹುಡುಗನನ್ನು.

ಮೂರು ಕಡೆಯ ನಿರಾಕರಣೆ

ಮೊದಲನೆಯದು ಮನೆ. ಪಾಲಕರ ಸ್ವೀಕಾರ ಮತ್ತು ನಿರಾಕರಣೆಯ ಬಗ್ಗೆ ದಶಕಗಳ ಕಾಲ ಹಲವು ದೇಶಗಳಲ್ಲಿ ಕೆಲಸ ಮಾಡಿದ ರೊನಾಲ್ಡ್ ರೋನರ್, ಪಾಲಕರ ಉದ್ದೇಶಕ್ಕಿಂತ ಮಗುವಿಗೆ ಏನನ್ನಿಸಿತು ಎಂಬುದೇ ಮುಖ್ಯ ಎಂದು ತೋರಿಸಿದರು. ಪೀಣ್ಯದ ಗಾರ್ಮೆಂಟ್ಸಿಗೆ ಬೆಳಗ್ಗೆ ಎಂಟಕ್ಕೆ ಹೊರಡುವ ತಾಯಿ, ರಾತ್ರಿ ಪಾಳಿಯಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ತಂದೆ ಮಗನಿಗಾಗಿಯೇ ದುಡಿಯುತ್ತಿರಬಹುದು. ಆದರೆ ದಿನವಿಡೀ ಬೀಗ ಹಾಕಿದ ಮನೆ, ಸಿಕ್ಕ ಅರ್ಧ ಗಂಟೆಯಲ್ಲಿ ‘ಪಕ್ಕದ ಮನೆ ಹುಡುಗನ್ನ ನೋಡಿ ಕಲಿ’ ಎಂಬ ಮಾತು, ತಂದೆ ಕುಡಿದು ಬಂದ ದಿನದ ಏಟು ಇಷ್ಟೇ ಅವನ ಪಾಲಿಗೆ ಬಂದರೆ, ಅವನು ಓದಿಕೊಳ್ಳುವುದು ನಿರಾಕರಣೆಯನ್ನೇ. ಆರ್.ಟಿ. ನಗರದಂಥ ಅನುಕೂಲಸ್ಥರ ಬಡಾವಣೆಯಲ್ಲೂ ಇದು ನಡೆಯುತ್ತದೆ. ಅಲ್ಲಿ ಅದರ ರೂಪ ಟ್ಯೂಷನ್, ಅಂಕಪಟ್ಟಿ ಮತ್ತು ಅಣ್ಣನ ಎಂಜಿನಿಯರಿಂಗ್ ಸೀಟು.

ಎರಡನೆಯದು ಶಾಲೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅನುತ್ತೀರ್ಣರಾದರು. ಆ ವರ್ಷ ಮೂರು ಪರೀಕ್ಷೆಗಳ ಅವಕಾಶವಿದ್ದರೂ, ಜೊತೆಯವರು ಪಿಯುಸಿಗೆ ಹೋಗುವಾಗ ಬೀದಿಯಲ್ಲಿ ಉಳಿದ ಹುಡುಗನಿಗೆ ಆ ಬೇಸಿಗೆ ದೊಡ್ಡದು. ಸಮಾಜವಿಜ್ಞಾನಿ ಆಲ್ಬರ್ಟ್ ಕೊಹೆನ್ 1955ರಲ್ಲೇ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಶಾಲೆ ಎಲ್ಲರನ್ನೂ ಮಧ್ಯಮವರ್ಗದ ಅಳತೆಗೋಲಿನಿಂದ ಅಳೆಯುತ್ತದೆ: ಶಿಸ್ತು, ಮಾತಿನ ನಯ, ನಾಳೆಗಾಗಿ ಇವತ್ತನ್ನು ತಡೆದುಕೊಳ್ಳುವ ಗುಣ. ಆ ಅಳತೆಯಲ್ಲಿ ಸೋತವರು ಒಟ್ಟು ಸೇರಿ ಕೋಲನ್ನೇ ತಿರುಗಿಸಿ ಹಿಡಿಯುತ್ತಾರೆ. ಮೇಷ್ಟರಿಗೆ ಎದುರು ಮಾತಾಡಿದವನು, ಪೊಲೀಸರ ಏಟಿಗೆ ಬಾಯಿಬಿಡದವನು ಅಲ್ಲಿ ರ‍್ಯಾಂಕ್ ವಿದ್ಯಾರ್ಥಿ.

ಮೂರನೆಯದು ಓರಗೆಯವರು. ತರಗತಿಯಲ್ಲಿ ಯಾರು ಯಾರಿಗೆ ಇಷ್ಟ, ಯಾರು ಬೇಡ ಎಂದು ಮಕ್ಕಳನ್ನೇ ಕೇಳಿ ಗುರುತಿಸುವ ವಿಧಾನವನ್ನು ಜಾನ್ ಕೊಯಿ ಮತ್ತು ಕೆನೆತ್ ಡಾಜ್ 1980ರ ದಶಕದಲ್ಲಿ ಬೆಳೆಸಿದರು. ಬಹುಮಂದಿಗೆ ಬೇಡವಾದ ಮಕ್ಕಳಲ್ಲಿ ಒಂದು ಪಾಲು ಮುದುರಿಕೊಳ್ಳುವವರು, ಇನ್ನೊಂದು ಪಾಲು ಕೈ ಎತ್ತುವವರು. ಕೈ ಎತ್ತುವವರಲ್ಲಿ ಡಾಜ್ ಒಂದು ಚಾಳಿಯನ್ನು ಗುರುತಿಸಿದರು: ಎದುರಿನವನು ಆಕಸ್ಮಿಕವಾಗಿ ತಾಗಿದರೂ ಬೇಕೆಂದೇ ತಾಗಿದ ಎಂದು ಭಾವಿಸುವುದು. ‘ಗುರಾಯಿಸಿದ’ ಎಂಬ ಕಾರಣಕ್ಕೆ ಬಾರಿನ ಮುಂದೆಯೋ ಪಾನ್ ಅಂಗಡಿಯ ಬಳಿಯೋ ಹೊಡೆದಾಟವಾದ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗೆ ಹೊಸದಲ್ಲ. ಹೊರಗಿನವರಿಗೆ ಅದು ಕ್ಷುಲ್ಲಕ ಕಾರಣ. ವರ್ಷಗಟ್ಟಲೆ ಕೀಳು ನೋಟಕ್ಕೆ ಗುರಿಯಾದವನಿಗೆ ಪ್ರತಿಯೊಂದು ನೋಟವೂ ಒಂದು ತೀರ್ಪು.

ಮೂರೂ ಕಡೆ ತಿರಸ್ಕೃತರಾದ ಹುಡುಗಿಯರು ಗ್ಯಾಂಗು ಸೇರುವುದು ಕಡಿಮೆ. ಅವರ ಸಂಕಟ ಒಳಮುಖವಾಗಿ ಖಿನ್ನತೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಮನೆ ಬಿಟ್ಟು ಓಡುವುದು, ಎಳೆ ವಯಸ್ಸಿನ ಮದುವೆ ಇಂಥ ರೂಪಗಳಲ್ಲಿ ಹೊರಬರುತ್ತದೆ. ಗದ್ದಲವಿಲ್ಲದ ಕಾರಣ ಅದು ಇನ್ನೂ ತಡವಾಗಿ ಗಮನಕ್ಕೆ ಬರುತ್ತದೆ.

ಉತ್ತರ ಬೆಂಗಳೂರಿನ ನೆಲ

ಯಲಹಂಕ ನಾಡಪ್ರಭುಗಳ ಈ ಸೀಮೆ ಬಹುಕಾಲ ದ್ರಾಕ್ಷಿ ತೋಟ, ರಾಗಿ ಹೊಲ ಮತ್ತು ಕೆರೆಗಳ ನೆಲವಾಗಿತ್ತು. ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ ಮತ್ತು ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ ಒಂದು ತಲೆಮಾರಿಗೆ ಕಾಯಂ ಕೆಲಸ, ಕ್ವಾರ್ಟರ್ಸ್, ಆಟದ ಮೈದಾನ ಕೊಟ್ಟವು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ನಗರಸಭೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ನೆಲದ ಬೆಲೆ ಏರಿತು, ಜೊತೆಗೆ ನೆಲದ ವ್ಯಾಜ್ಯವೂ. ಭಾಗವಾಗದ ಪಿತ್ರಾರ್ಜಿತ ಆಸ್ತಿ, ಜಿಪಿಎ ಮೇಲೆ ಕೈಬದಲಾದ ರೆವಿನ್ಯೂ ಸೈಟು, ಒಂದೇ ಸೈಟಿಗೆ ಇಬ್ಬರು ಮಾಲೀಕರು. ಕೋರ್ಟಿನಲ್ಲಿ ವರ್ಷಗಟ್ಟಲೆ ಹಿಡಿಯುವುದನ್ನು ಒಂದು ರಾತ್ರಿಯಲ್ಲಿ ಮುಗಿಸಲು, ಬೇಲಿ ಕೀಳಲು, ಕಾಂಪೌಂಡ್ ಎಬ್ಬಿಸಲು, ಸುಮ್ಮನೆ ಹತ್ತಿಪ್ಪತ್ತು ಮಂದಿಯಾಗಿ ನಿಂತು ಹೆದರಿಸಲು ‘ಹುಡುಗರು’ ಬೇಕಾದರು. ಹೀಗೆ ಖಾಲಿ ಕೂತ ಹರೆಯಕ್ಕೆ ಒಂದು ಮಾರುಕಟ್ಟೆ ಸಿಕ್ಕಿತು.

ಅದೇ ಹೊತ್ತಿನಲ್ಲಿ ಸುತ್ತಣ ಬದುಕೂ ಕಲಸಿಹೋಯಿತು. ನೆಲ ಮಾರಿ ಒಮ್ಮೆಗೇ ದುಡ್ಡು ಕಂಡ ಮನೆಗಳು, ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇಳಿದವರು, ಗೇಟು ಹಾಕಿದ ಅಪಾರ್ಟ್‌ಮೆಂಟುಗಳು, ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲಿಗಳು ಎಲ್ಲರೂ ಕೂಗಳತೆಯಲ್ಲಿ ಇದ್ದಾರೆ, ಆದರೆ ಒಬ್ಬರ ಮಗನನ್ನು ಇನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಊರಿನಲ್ಲಿ ಬೀಡಿ ಹಚ್ಚಿದ ಹುಡುಗನನ್ನು ‘ಯಾರ ಮಗನೋ ನೀನು’ ಎಂದು ನಿಲ್ಲಿಸುತ್ತಿದ್ದ ಹಿರಿಯ ಇಲ್ಲಿ ಇಲ್ಲ. ಇದ್ದ ಮೈದಾನ ಸೈಟಾಯಿತು. ಆ ಬೀದಿಯಲ್ಲಿ ಹುಡುಗನ ಹೆಸರು ಗೊತ್ತಿರುವ ದೊಡ್ಡವನು ಎಷ್ಟೋ ಸಲ ಅಡ್ಡೆಯ ಅಣ್ಣ ಒಬ್ಬನೇ.

ಅಡ್ಡೆಯಿಂದ ಕೇಸಿನವರೆಗೆ

ಸೇರ್ಪಡೆಗೆ ಮುಹೂರ್ತವಿಲ್ಲ. ಮೊದಲು ಟೀ, ಸಿಗರೇಟು, ರಾತ್ರಿ ಬಿರಿಯಾನಿ. ಶಾಲೆಯ ಹತ್ತಿರ ಯಾರೋ ಹೊಡೆದಾಗ ನಾಲ್ಕು ಬೈಕು ಬಂದು ನಿಲ್ಲುತ್ತವೆ, ಮರುದಿನದಿಂದ ಅವನ ಮೇಲೆ ಯಾರೂ ಕೈಮಾಡುವುದಿಲ್ಲ. ರಕ್ಷಣೆಯ ಈ ಅನುಭವ ಸಣ್ಣದಲ್ಲ. ಆಮೇಲೆ ಸಣ್ಣ ಕೆಲಸಗಳು: ಒಂದು ಚೀಲವನ್ನು ಒಂದು ರಾತ್ರಿ ಮನೆಯಲ್ಲಿಟ್ಟುಕೊಳ್ಳುವುದು, ಯಾರೋ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆಂದು ನೋಡಿ ಹೇಳುವುದು, ಹಣದ ಪೊಟ್ಟಣ ತಲುಪಿಸುವುದು. ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪವೇ ದೊಡ್ಡದು, ಆದ್ದರಿಂದ ‘ಇಲ್ಲ’ ಎನ್ನಬೇಕಾದ ಘಳಿಗೆ ಎಲ್ಲೂ ಎದುರಾಗುವುದಿಲ್ಲ. ಮೊದಲ ಕೇಸು ಬಿದ್ದಾಗ ಅಣ್ಣನೇ ವಕೀಲರನ್ನು ನೋಡುತ್ತಾನೆ, ಜಾಮೀನಿಗೆ ಶ್ಯೂರಿಟಿ ಹೊಂದಿಸುತ್ತಾನೆ. ಮನೆಯವರು ಠಾಣೆಗೆ ಬರಲು ನಾಚಿದ ದಿನವೇ ಇದು ನಡೆದರೆ ಋಣ ಇಮ್ಮಡಿ.

ವಿಲಿಯಮ್ಸ್ ಹೇಳಿದ ನಾಲ್ಕನ್ನು ಇದರ ಪಕ್ಕ ಇಟ್ಟರೆ ಗ್ಯಾಂಗಿನ ಸೆಳೆತ ಅರ್ಥವಾಗುತ್ತದೆ. ಕೂರಲು ಅಡ್ಡೆ, ಕರೆಯಲು ಒಂದು ಅಡ್ಡಹೆಸರು, ಏರಿಯಾದಲ್ಲಿ ಹವಾ, ಅಣ್ಣನಿಗಾಗಿ ಏನಾದರೂ ಮಾಡುವ ಧ್ಯೇಯ. 1995ರ ‘ಓಂ’ ಚಿತ್ರದಿಂದ ಈಚೆಗೆ ಕನ್ನಡ ತೆರೆಯ ಮೇಲೆ ಮಚ್ಚು ಹಿಡಿದ ನಾಯಕ ಮತ್ತೆ ಮತ್ತೆ ಬಂದಿರುವುದರಿಂದ ಈ ಪಾತ್ರಕ್ಕೆ ಬೇಕಾದ ನಡೆ, ನುಡಿ, ನೋಟ ಎಲ್ಲವೂ ಸಿದ್ಧವಾಗಿವೆ. ಆದರೆ ಅದೇ ಚಿತ್ರ ನೋಡಿದ ಲಕ್ಷಾಂತರ ಮಂದಿ ಚಪ್ಪಾಳೆ ತಟ್ಟಿ ಮನೆಗೆ ಹೋದರು. ಸಿನಿಮಾ ಕೊಡುವುದು ವೇಷ ಮಾತ್ರ, ಅದನ್ನು ತೊಡಬೇಕಾದ ಅಗತ್ಯ ಹುಟ್ಟುವುದು ಬೇರೆಡೆ.

ಕೆಟ್ಟವರು ಗ್ಯಾಂಗು ಸೇರುತ್ತಾರೋ, ಗ್ಯಾಂಗು ಸೇರಿ ಕೆಡುತ್ತಾರೋ ಎಂಬ ಹಳೆಯ ಪ್ರಶ್ನೆಗೆ ಅಮೆರಿಕದ ರಾಚೆಸ್ಟರ್ ನಗರದ ದೀರ್ಘ ಅಧ್ಯಯನ ಉತ್ತರ ಕೊಟ್ಟಿದೆ. ಟೆರೆನ್ಸ್ ಥಾರ್ನ್‌ಬೆರಿ ತಂಡ ಒಂದೇ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಗ್ಯಾಂಗಿನಲ್ಲಿದ್ದ ಅವಧಿಯಲ್ಲಿ ಅವರ ಅಪರಾಧ ಏರಿತು, ಬಿಟ್ಟ ಮೇಲೆ ಇಳಿಯಿತು. ಬಹುಮಂದಿ ಉಳಿದದ್ದು ಒಂದು ವರ್ಷ ಅಥವಾ ಅದಕ್ಕೂ ಕಡಿಮೆ. ಹುಡುಗನ ಸ್ವಭಾವದಷ್ಟೇ ಗುಂಪೂ ಇಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೂ, ಹೊರದಾರಿ ಇದೆ ಎಂಬುದಕ್ಕೂ ಇದು ಸಾಕ್ಷಿ.

ಬಳ್ಳಾರಿ ರಸ್ತೆಯ ವ್ಹೀಲಿ

ಗ್ಯಾಂಗಿನ ಸೌಮ್ಯ ರೂಪವನ್ನು ನೋಡಲು ಹೆಬ್ಬಾಳದಿಂದ ಯಲಹಂಕ ದಾಟಿ ದೇವನಹಳ್ಳಿಯ ಕಡೆ ಹೋಗುವ ರಸ್ತೆ ಸಾಕು. ವಾರಾಂತ್ಯಗಳಲ್ಲಿ ಇಲ್ಲಿ ವ್ಹೀಲಿ ಮಾಡುವ ಹುಡುಗರ ಮೇಲೆ ಸಂಚಾರ ಪೊಲೀಸರು ಪದೇ ಪದೇ ಪ್ರಕರಣ ದಾಖಲಿಸಿದ್ದಾರೆ, ಸಿಕ್ಕಿಬಿದ್ದವರಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ. ನಂಬರ್ ಪ್ಲೇಟ್ ಮಡಚಿದ ಸ್ಕೂಟರು, ಹಿಂದೆ ಅಥವಾ ಪಕ್ಕದಲ್ಲಿ ಮೊಬೈಲ್ ಹಿಡಿದು ಬರುವ ಇನ್ನೊಂದು ಗಾಡಿ. ಮುಂದಿನ ಚಕ್ರ ಮೇಲೇಳುವುದು ಕೆಲವೇ ಸೆಕೆಂಡು, ಅದು ರೀಲ್ ಆಗಿ ಓಡುವುದು ವಾರಗಟ್ಟಲೆ. ಮೊಬೈಲ್ ಇಲ್ಲದೆ ವ್ಹೀಲಿ ಇಲ್ಲ. ಸ್ಟೈನ್‌ಬರ್ಗ್ ಪ್ರಯೋಗದಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳೆಯರ ಜಾಗಕ್ಕೆ ಇಲ್ಲಿ ಸಾವಿರಾರು ಅಪರಿಚಿತರು ಬಂದಿದ್ದಾರೆ, ರಾತ್ರಿ ಎರಡು ಗಂಟೆಗೂ ಅವರು ಎಚ್ಚರವಾಗಿರುತ್ತಾರೆ. ಲಾಂಗು ಹಿಡಿದು ರೀಲ್ ಮಾಡಿ ಆಯುಧ ಕಾಯ್ದೆಯಡಿ ಕೇಸು ಹಾಕಿಸಿಕೊಳ್ಳುವವರದೂ ಇದೇ ಲೆಕ್ಕಾಚಾರ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ತಪ್ಪೆಸಗಿದರೆ ಪಾಲಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಿಕ್ಷೆಯ ಭಯ ಪಾಲಕರನ್ನು ಎಚ್ಚರಿಸುತ್ತದೆ, ಹುಡುಗನನ್ನು ಅಷ್ಟಾಗಿ ತಡೆಯುವುದಿಲ್ಲ. 2024ರ ಆಗಸ್ಟಿನಲ್ಲಿ ತುಮಕೂರು ರಸ್ತೆಯ ನೆಲಮಂಗಲ ಬಳಿಯ ಮೇಲ್ಸೇತುವೆಯಲ್ಲಿ ವ್ಹೀಲಿ ಮಾಡುತ್ತಿದ್ದವರ ಎರಡು ಸ್ಕೂಟರುಗಳನ್ನು ಸಿಟ್ಟಿಗೆದ್ದ ಜನ ಎತ್ತಿ ಕೆಳಗೆ ಎಸೆದರು. ಜನರ ರೋಷಕ್ಕೆ ಕಾರಣವಿತ್ತು, ಅವರ ಜೀವಕ್ಕೂ ಅಪಾಯವಿತ್ತು. ಆದರೆ ಈಗಾಗಲೇ ತಿರಸ್ಕೃತನಾದವನಿಗೆ ಬಹಿರಂಗವಾಗಿ ಇನ್ನೊಂದು ತಿರಸ್ಕಾರ ಸಿಕ್ಕಾಗ ಅವನು ತನ್ನ ಗುಂಪಿಗೆ ಮತ್ತಷ್ಟು ಅಂಟಿಕೊಳ್ಳಬಹುದು ಎಂಬುದನ್ನೇ ಮೇಲೆ ಹೇಳಿದ ತಿರಸ್ಕಾರದ ಪ್ರಯೋಗಗಳು ಸೂಚಿಸುತ್ತವೆ.

ಗ್ಯಾಂಗು ಮತ್ತು ಮನಸ್ಸಿನ ಕಾಯಿಲೆ

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ 14 ವರ್ಷಕ್ಕೆ ಮುಂಚೆ, ಹತ್ತಿರಹತ್ತಿರ ಅರ್ಧದಷ್ಟು 18ಕ್ಕೆ ಮುಂಚೆ ತಲೆದೋರುತ್ತವೆ ಎಂದು ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆ ತಿಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5, ಹಳ್ಳಿಗಳಲ್ಲಿ ಶೇ 6.9.

ಹುಡುಗರ ಖಿನ್ನತೆ ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ನಿದ್ದೆಗೇಡು, ಶಾಲೆ ತಪ್ಪಿಸುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹೊಡೆದಾಟ ಇವೇ ಅದರ ಮುಖಗಳಾಗಬಹುದು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಬೇಸರದ ಬದಲು ಸಿಡುಕನ್ನೇ ಖಿನ್ನತೆಯ ಲಕ್ಷಣವೆಂದು ಪರಿಗಣಿಸಲು ರೋಗನಿರ್ಣಯದ ನಿಯಮಗಳಲ್ಲೇ ಅವಕಾಶವಿದೆ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ಸಮಸ್ಯೆ ಇರುವ ಹುಡುಗ ಐದನೆಯ ತರಗತಿಯಿಂದಲೇ ‘ಪೋಕರಿ’ ಎನ್ನಿಸಿಕೊಂಡಿರುತ್ತಾನೆ. ನೋವು ಮರೆಯಲು ಸಿಗುವ ಅಗ್ಗದ ಮಾರ್ಗ ಪಂಕ್ಚರ್ ಅಂಟು, ವೈಟ್ನರ್‌ನಂಥವನ್ನು ಮೂಸುವುದು. 2019ರಲ್ಲಿ ಪ್ರಕಟವಾದ ಮಾದಕವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಿದ್ದ ಏಕೈಕ ವರ್ಗ ಇದು: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17.

ಗ್ಯಾಂಗು ಈ ಸಂಕಟವನ್ನು ಸ್ವಲ್ಪ ಕಾಲ ಮರೆಸಿ ಆಮೇಲೆ ಹೆಚ್ಚಿಸುತ್ತದೆ. ಬ್ರಿಟನ್ನಿನಲ್ಲಿ 18ರಿಂದ 34 ವಯಸ್ಸಿನ 4,664 ಗಂಡಸರ ಮೇಲೆ ಜೆರೆಮಿ ಕಾಯ್ಡ್ ತಂಡ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಯಾಂಗಿನಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆತಂಕದ ಕಾಯಿಲೆ ಇತ್ತು, ಸುಮಾರು ಮೂರನೆಯ ಒಂದು ಭಾಗ ಆತ್ಮಹತ್ಯೆಗೆ ಯತ್ನಿಸಿದವರು. ಪ್ರತೀಕಾರದ ಭಯ, ಕಣ್ಣಾರೆ ಕಂಡ ಹಲ್ಲೆ, ನಿದ್ದೆಯಿಲ್ಲದ ರಾತ್ರಿಗಳು ಇದರ ಹಿಂದಿವೆ. ರಕ್ಷಣೆ ಬೇಡಿ ಸೇರಿದ ಗುಂಪೇ ಕಾಲಕ್ರಮದಲ್ಲಿ ಅತಿ ದೊಡ್ಡ ಅಪಾಯವಾಗುತ್ತದೆ. ಬೆಂಗಳೂರಿನಲ್ಲಿ ಹೊರಬರುವುದನ್ನು ಇನ್ನಷ್ಟು ಕಷ್ಟವಾಗಿಸುವುದು ವರ್ಷಗಟ್ಟಲೆ ಎಳೆಯುವ ಕೇಸು ಮತ್ತು ಹದಿನೆಂಟರ ನಂತರ ತೆರೆಯುವ ರೌಡಿಪಟ್ಟಿ. ಹಬ್ಬವೋ ಚುನಾವಣೆಯೋ ಬಂದಾಗಲೆಲ್ಲ ಪರೇಡಿಗೆ ನಿಲ್ಲಬೇಕಾದವನಿಗೆ ಕೆಲಸ ಕೊಡುವವರು ಕಡಿಮೆ.

ಎಲ್ಲರೂ ಸೇರುವುದಿಲ್ಲ

ಇಷ್ಟೆಲ್ಲ ಇದ್ದರೂ ತಿರಸ್ಕೃತರಾದ ಹೆಚ್ಚಿನ ಹುಡುಗರು ಗ್ಯಾಂಗಿನ ಕಡೆ ಹೋಗುವುದೇ ಇಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಎಮ್ಮಿ ವರ್ನರ್, ಬಡತನ, ಜಗಳ, ಕುಡಿತದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂರನೆಯ ಒಂದು ಭಾಗ ಸಮರ್ಥರಾಗಿ ಬೆಳೆದುದನ್ನು ಕಂಡರು. ಅವರಿಗಿದ್ದ ಬಲಗಳಲ್ಲಿ ಮುಖ್ಯವಾದದ್ದು ಅಜ್ಜಿಯೋ ಸೋದರಮಾವನೋ ಮೇಷ್ಟರೋ, ಕೈಬಿಡದ ಒಬ್ಬ ಹಿರಿಯ ಜೀವ.

ಹರೆಯದ ಬಲವನ್ನು ಹಿರಿಯರ ಕಣ್ಣೆದುರು ಹಿಡಿದಿಡುವ ವ್ಯವಸ್ಥೆಗಳು ಬೆಂಗಳೂರಿಗೆ ಹೊಸದಲ್ಲ. ಚೈತ್ರದ ಕರಗದಲ್ಲಿ ತಿಗಳ ಸಮುದಾಯದ ಯುವಕರು ದೀಕ್ಷೆ ತೊಟ್ಟು ವೀರಕುಮಾರರಾಗುತ್ತಾರೆ. ಕೈಯಲ್ಲಿ ನಿಜವಾದ ಅಲಗು, ಬಾಯಲ್ಲಿ ಘೋಷ, ಹೊತ್ತ ಹೊಣೆ ಕರಗವನ್ನು ಕಾಯುವುದು. ಹೆಸರು, ಗುಂಪು, ಆಯುಧ, ಧ್ಯೇಯ ನಾಲ್ಕೂ ಅಲ್ಲಿವೆ. ವ್ರತದ ನಿಯಮಗಳು ಮತ್ತು ಹಿರಿಯರ ನೋಟವೂ ಜೊತೆಗಿವೆ. ಪೇಟೆಯ ಗರಡಿಮನೆಗಳು ಉಸ್ತಾದರ ಕೆಳಗೆ ಇದೇ ಕೆಲಸ ಮಾಡಿದವು. ಇಂದಿನ ಬಡಾವಣೆಗಳಲ್ಲಿ ಕಬಡ್ಡಿ ತಂಡ, ಟೆನ್ನಿಸ್ ಬಾಲ್ ಕ್ರಿಕೆಟ್, ಗಣೇಶೋತ್ಸವ ಸಮಿತಿ, ಅಭಿಮಾನಿ ಸಂಘಗಳು ಆ ಜಾಗದಲ್ಲಿವೆ. ಇವೇ ಗುಂಪುಗಳು ಬೇರೆಯವರ ದುಡ್ಡು ಮತ್ತು ಉದ್ದೇಶಕ್ಕೆ ಸಿಕ್ಕಿದಾಗ ‘ಹುಡುಗರ’ ಸರಬರಾಜಿನ ಕೇಂದ್ರಗಳೂ ಆಗಬಲ್ಲವು. ಫಲವನ್ನು ನಿರ್ಧರಿಸುವುದು ಗುಂಪಿನ ಹೆಸರಲ್ಲ, ಅದು ಕೇಳುವ ಶುಲ್ಕ.

ಫಲ ಕೊಟ್ಟ ಪ್ರಯತ್ನಗಳು

ಒಳ್ಳೆಯ ಉದ್ದೇಶದ ಕಾರ್ಯಕ್ರಮವೂ ತಿರುಗುಬಾಣವಾಗಬಹುದು. ದಾರಿ ತಪ್ಪುತ್ತಿರುವ ಹುಡುಗರನ್ನಷ್ಟೇ ಒಟ್ಟು ಕೂರಿಸಿ ಪಾಠ ಹೇಳಿದಾಗ ಅವರು ಒಬ್ಬರಿಂದೊಬ್ಬರು ಕಲಿತು ಇನ್ನಷ್ಟು ಕೆಟ್ಟ ಉದಾಹರಣೆಗಳನ್ನು ಥಾಮಸ್ ಡಿಷಿಯನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಮುಂದಿಟ್ಟರು. ಮಿಶ್ರ ಗುಂಪು ಮತ್ತು ನುರಿತ ಹಿರಿಯ ಇಲ್ಲದೆ ಇಂಥ ಕೆಲಸ ಮಾಡಬಾರದು ಎಂಬುದು ಅದರ ಪಾಠ.

ಶಿಕಾಗೊದ ಶಾಲೆಗಳಲ್ಲಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದಲ್ಲಿ ಒಂದು ಚಟುವಟಿಕೆಯಿದೆ. ಇಬ್ಬರಲ್ಲಿ ಒಬ್ಬನ ಮುಷ್ಟಿಯಲ್ಲಿ ಚೆಂಡು, ಇನ್ನೊಬ್ಬ 30 ಸೆಕೆಂಡಿನಲ್ಲಿ ಅದನ್ನು ಪಡೆಯಬೇಕು. ಹೆಚ್ಚುಕಡಿಮೆ ಎಲ್ಲರೂ ಎಳೆದಾಡುತ್ತಾರೆ, ಗುದ್ದಾಡುತ್ತಾರೆ. ಕೊನೆಗೆ ‘ಚೆಂಡು ಕೊಡು ಎಂದು ಯಾರೂ ಏಕೆ ಕೇಳಲಿಲ್ಲ?’ ಎಂದು ಮಾರ್ಗದರ್ಶಕ ಕೇಳುತ್ತಾನೆ. ಗುರಾಯಿಸಿದವನ ಮೇಲೆ ಎಗರುವ ಮುನ್ನ ಒಂದು ಕ್ಷಣ ನಿಲ್ಲುವ ಅಭ್ಯಾಸ ಇದು. ಯಾದೃಚ್ಛಿಕವಾಗಿ ಆರಿಸಿದ ಹುಡುಗರೊಡನೆ ನಡೆಸಿ 2017ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಹಿಂಸೆಯ ಅಪರಾಧಕ್ಕಾಗಿ ಬಂಧನ ಶೇ 45ರಿಂದ 50ರಷ್ಟು ತಗ್ಗಿತು. ಕಾರ್ಯಕ್ರಮ ಮುಗಿದ ಮೇಲೆ ಬಂಧನಗಳ ಮೇಲಿನ ಪರಿಣಾಮ ಉಳಿಯಲಿಲ್ಲ. ಗುಂಪು ಕರಗಿದರೆ ಅದರ ಬಲವೂ ಕರಗುತ್ತದೆ.

ಭಾರತದ ಒಳ್ಳೆಯ ಸಾಕ್ಷ್ಯ ಬಿಹಾರದ ನಲಂದಾ ಜಿಲ್ಲೆಯದು. ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಯಿತು. ಗೋಡೆಪತ್ರಿಕೆ, ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ, ಪ್ರಾರ್ಥನಾ ಸಭೆಯಲ್ಲಿ ಮಾತು, ಬೇಕಾದವರಿಗೆ ಖಾಸಗಿ ಸಮಾಲೋಚನೆ. ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ನಡೆಸಿದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಕಿರುಕುಳ, ಹಿಂಸೆ ಇಳಿದವು ಎಂದು 2018ರ ವರದಿ ಹೇಳುತ್ತದೆ. ಅದೇ ಕೆಲಸವನ್ನು ಪಾಠ ಮಾಡುವ ಶಿಕ್ಷಕರಿಗೆ ಹೆಚ್ಚುವರಿ ಹೊಣೆಯಾಗಿ ಕೊಟ್ಟಲ್ಲಿ ಪ್ರಯೋಜನ ಕಾಣಲಿಲ್ಲ. ಅಂಕ ಕೊಡುವ ಕೈಯಿಂದ ಬೇರೆಯಾದ, ಕೇಳಲು ಸಮಯವಿರುವ ಒಬ್ಬರು ಶಾಲೆಯಲ್ಲಿರಬೇಕು ಎಂಬುದು ಇಲ್ಲಿ ತಿಳಿಯುವ ಸಂಗತಿ.

ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಹಾಗೂ ಕ್ರೀಡಾ ಇಲಾಖೆ ಸೇರಿ ನಡೆಸುವ ‘ಯುವ ಸ್ಪಂದನ’ ಇದೇ ದಿಕ್ಕಿನದು. ತರಬೇತಾದ ಯುವ ಪರಿವರ್ತಕರು ಮತ್ತು ಯುವ ಸಮಾಲೋಚಕರು ಕಾಲೇಜು, ಬಡಾವಣೆಗಳಿಗೆ ಹೋಗುತ್ತಾರೆ. ಓದು, ಕೆಲಸ, ಸಂಬಂಧ, ಮನಸ್ಸು ಯಾವ ವಿಷಯಕ್ಕಾದರೂ ಅವರ ಬಳಿ ಮಾತಾಡಬಹುದು. ಆಸ್ಪತ್ರೆಯ ಬೋರ್ಡು ಇಲ್ಲದಿರುವುದೇ ಇದರ ಅನುಕೂಲ, ‘ಹುಚ್ಚಾಸ್ಪತ್ರೆಗೆ ಹೋದ’ ಎಂಬ ಮಾತಿಗೆ ಹೆದರುವವರೂ ಬರುತ್ತಾರೆ. 1980ರಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟ, ಅಂದರೆ ‘ಬಾಸ್ಕೊ’, ಮನೆ ಬಿಟ್ಟು ನಗರಕ್ಕೆ ಬಂದ ಮಕ್ಕಳನ್ನು ಬೇರೆಯವರು ಸೆಳೆದುಕೊಳ್ಳುವ ಮುಂಚೆ ಭೇಟಿಯಾಗುವ ಕೆಲಸ ಮಾಡುತ್ತ ಬಂದಿದೆ. ಸಮಸ್ಯೆಯಿರುವ ಯಾರಾದರೂ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸೇವೆ ಶುರುವಾದದ್ದು 2022ರ ಅಕ್ಟೋಬರ್ 10ರಂದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಕಾನೂನಿನ ನೋಟ

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದ ಹುಡುಗನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 16 ದಾಟಿದವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ, ಅವರನ್ನು ವಯಸ್ಕರಂತೆ ವಿಚಾರಣೆ ಮಾಡಬೇಕೆ ಎಂದು ತೀರ್ಮಾನಿಸಲು ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಇಲ್ಲಿ ಮನೋವಿಜ್ಞಾನಿಗಳ ನೆರವು ಪಡೆಯಲು ಮಂಡಳಿಗೆ ಅವಕಾಶವಿದೆ. ಉಳಿದ ಪ್ರಕರಣಗಳಲ್ಲಿ ಹುಡುಗನ ಹಳೆಯ ದಾಖಲೆ ಮುಂದೆ ಅವನ ಕೆಲಸಕ್ಕೆ, ಓದಿಗೆ ಅಡ್ಡಿಯಾಗಬಾರದು ಎಂದೂ ಕಾಯ್ದೆ ಹೇಳುತ್ತದೆ.

ಹೆಚ್ಚು ಮಂದಿಗೆ ತಿಳಿಯದ ಸೆಕ್ಷನ್ 83. ಮಕ್ಕಳನ್ನು ಒಂಟಿಯಾಗಿಯೋ ಗ್ಯಾಂಗಾಗಿಯೋ ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ ಎಂದು ಅದು ವಿಧಿಸುತ್ತದೆ. ‘ಹುಡುಗರಿಗೆ ಶಿಕ್ಷೆ ಕಡಿಮೆ’ ಎಂಬ ಲೆಕ್ಕದಲ್ಲಿ ಅಣ್ಣಂದಿರು ಕಿರಿಯರನ್ನು ಮುಂದೆ ಬಿಡುವ ಕಡೆ ಈ ಸೆಕ್ಷನ್ ಬಳಸಿದರೆ ಭಾರ ಬೀಳುವುದು ಬೀಳಬೇಕಾದವರ ಮೇಲೆ.

ಪೊಲೀಸ್ ಕ್ರಮ, ಕೌನ್ಸೆಲಿಂಗ್, ಆಟ, ಕೌಶಲ ತರಬೇತಿ ಯಾವುದೇ ಇರಲಿ, ಅದನ್ನು ತೂಗುವ ಪ್ರಶ್ನೆಗಳು ನಾಲ್ಕೇ. ಹುಡುಗನಿಗೆ ಅಲ್ಲಿ ತನ್ನವರು ಸಿಕ್ಕರೇ? ಗೌರವ ಸಿಕ್ಕಿತೇ? ಏನನ್ನಾದರೂ ತಾನೇ ನಡೆಸುವ ಹೊಣೆ ಸಿಕ್ಕಿತೇ? ಅದಕ್ಕೊಂದು ಅರ್ಥ ಅವನಿಗೆ ಕಂಡಿತೇ? ಇವುಗಳಿಗೆ ಉತ್ತರವಿಲ್ಲದ ಕಾರ್ಯಕ್ರಮ ಎಷ್ಟೇ ಖರ್ಚಿನದಾದರೂ ಅಡ್ಡೆಯ ಅಣ್ಣನೆದುರು ಸೋಲುತ್ತದೆ. ಉತ್ತರವಿರುವ ಕಾರ್ಯಕ್ರಮ ವರ್ಷಗಟ್ಟಲೆ ನಿಲ್ಲಬೇಕು, ಏಕೆಂದರೆ ಹದಿಹರೆಯ ಮುಗಿಯಲು ಅಷ್ಟು ಕಾಲ ಬೇಕು.